ಗೋಡೆ ಕಡೆ ತಿರುಗಿ ಮಲಗುವವಳು

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಸೋದರಮಾವ ತಳ್ಳುತ್ತಿದ್ದ, ಹೊರಗೆ ಮೆಟ್ಟಿಲ ಮೇಲೆ ನಿಂತು ಕುಷನಪ್ಪ ಎಳೆಯುತ್ತಿದ್ದ, ಇಬ್ಬರೂ ಸೋಲೊಪ್ಪುವ ಪೈಕಿಯಲ್ಲ. ಆಸ್ಪತ್ರೆಯಿಂದ ವ್ಯಾನು ಹೊರಟಾಯಿತೆಂದು ಫೋನು ಬಂದಿತ್ತು. ಅದು ಬರುವುದರೊಳಗೆ ತೀರಿಹೋದ ಅಕ್ಕನನ್ನು ಮಲಗಿಸಲು ಹಜಾರದಲ್ಲಿ ಜಾಗ ಆಗಬೇಕೆಂಬುದು ಸೋದರಮಾವನ ಚಿಂತೆ. ಬಾಗಿಲ ಚೌಕಟ್ಟು ಉಜ್ಜಿ ಬಿಳಿ ಬಟ್ಟೆಗೆ ಕಲೆಯಾದೀತೆಂಬುದು ಕುಷನಪ್ಪನ ಚಿಂತೆ. ಆ ಬಟ್ಟೆಯನ್ನು ಹೊಲಿದು ಹೊದಿಸಿದವನು ಅವನೇ, ಸತ್ತವಳ ಜೊತೆ ಒಂದೇ ಫರ್ನಿಚರ್ ಅಂಗಡಿಯಲ್ಲಿ ಕುಷನ್ ಹೊಲಿಯುತ್ತ ತಲೆ ನರೆಯುವವರೆಗೆ ದುಡಿದವನು.

ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಮಗಳು ಕೈಚೀಲ ಹಿಡಿದು ಮೆಟ್ಟಿಲ ಕೆಳಗೆ ನಿಂತಳು. ಅವಳನ್ನು ನೋಡಿ ಇಬ್ಬರೂ ಕೈಬಿಟ್ಟರು. ಸೋಫಾ ಅರ್ಧ ಒಳಗೆ ಅರ್ಧ ಹೊರಗೆ ಹಾಗೇ ನಿಂತುಕೊಂಡಿತು. ಬಗ್ಗಿ ಬಾ ಎಂದ ಸೋದರಮಾವ. ಅವಳು ಬಗ್ಗಿದಳು. ಅಮ್ಮನ ಈ ಮನೆಗೆ ಅವಳು ಮೊದಲ ಸಲ ಕಾಲಿಟ್ಟಿದ್ದು ಹಾಗೆ, ಸೋಫಾದ ಅಡಿಯಿಂದ ನುಸುಳಿಕೊಂಡು.

ಒಳಗೆ ಬಂದು ಸೊಂಟ ನೆಟ್ಟಗೆ ಮಾಡಿ ನೋಡಿದಳು. ಇದು ಮನೆಯಲ್ಲ, ಅಂಗಡಿ. ಅದೇ ಬಿಳಿ ಗೋಡೆ, ಅದೇ ಬಣ್ಣವಿಲ್ಲದ ತಿಳಿ ಮರದ ಮೇಜು. ಸೂರಿನಲ್ಲಿ ದೀಪವಿಲ್ಲ; ಮೂಲೆಮೂಲೆಯಲ್ಲಿ ಕಾಗದದ ಬುರುಡೆ ಹೊತ್ತ ಗಿಡ್ಡ ದೀಪಗಳು. ಕುರ್ಚಿಯ ತೋಳಿನಿಂದ ಬೂದು ಬಣ್ಣದ ಉಣ್ಣೆ ಕಂಬಳಿಯೊಂದು ಅರ್ಧ ಜಾರಿ ನಿಂತಿದೆ. ಮೇಜಿನ ಮೇಲೆ ಬೋರಲಾಗಿಟ್ಟ ಪುಸ್ತಕ, ಅದರ ಮೇಲೆ ಕನ್ನಡಕ, ಪಕ್ಕದಲ್ಲಿ ಎರಡು ಬಟ್ಟಲು. ಯಾರೋ ಈಗಷ್ಟೇ ಎದ್ದು ಒಳಗೆ ಹೋದ ಹಾಗೆ. ಬೆವರು ಸುರಿಯುವ ಊರಿನಲ್ಲಿ ಉಣ್ಣೆ ಹೊದೆಯುವವರು ಯಾರಪ್ಪಾ ಎಂದು ಹಿಂದೆ ಇಡೀ ಅಂಗಡಿ ಅಮ್ಮನನ್ನು ಗೇಲಿ ಮಾಡುತ್ತಿತ್ತು. ಈಗ ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಕೋಣೆಯೊಳಗೆ ತೋಳಿನ ರೋಮ ನಿಮಿರುವಷ್ಟು ತಣ್ಣಗಿತ್ತು.

ಅಡುಗೆಮನೆಯಿಂದ ಪಕ್ಕದ ಮನೆಯ ಹೊಲಿಗೆಯಾಕೆ ಹೊರಗೆ ಬಂದಳು. ಮನೆಯ ಕೀಲಿಕೈ ಇದ್ದಿದ್ದು ಅವಳ ಬಳಿ. ಅಮ್ಮನಿಗೆ ಎದೆನೋವು ಬಂದ ದಿನ ಆಂಬುಲೆನ್ಸು ಕರೆಸಿದವಳೂ ಅವಳೇ. ಮಗಳ ಕೈ ಹಿಡಿದು ಕಣ್ಣೊರೆಸಿಕೊಂಡಳು, ಸಾವಿನ ಮನೆಯಲ್ಲಿ ಹೇಳುವ ನಾಲ್ಕು ಮಾತು ಹೇಳಿದಳು. ಆಮೇಲೆ ಅವಳ ಬೆನ್ನ ಹಿಂದೆ ಇಣುಕಿ ನೋಡಿದಳು.

"ನೀವು ದೊಡ್ಡವರಲ್ವಾ? ಚಿಕ್ಕವಳು ಎಲ್ಲಿ, ನಿಮ್ಮ ಜೊತೆ ಬರ್ಲಿಲ್ವಾ?"

"ಯಾವ ಚಿಕ್ಕವಳು? ನಮ್ಮಮ್ಮನಿಗೆ ನಾನೊಬ್ಬಳೇ."

ಹೊಲಿಗೆಯಾಕೆ ಕಣ್ಣು ಪಿಳಿಪಿಳಿ ಬಿಟ್ಟಳು. ಹಾಗಾದರೆ ಆ ಚಿಕ್ಕ ಕೋಣೆಯಲ್ಲಿ ಇದ್ದವಳು ಯಾರು ಎಂದು ಕೇಳಿದಳು. ಗೋಡೆ ತೆಳು, ಇತ್ತ ಕಡೆ ಸೂಜಿ ಬಿದ್ದರೆ ಅತ್ತ ಕಡೆ ಕೇಳುತ್ತದೆ. ನಾನು ಹೊಲಿಗೆ ಮಿಷನ್ ನಿಲ್ಲಿಸಿದಾಗೆಲ್ಲ ಮಾತು ಕೇಳಿಸುತ್ತಿತ್ತು. ಹೆಚ್ಚೇನಿಲ್ಲ, ಮಲಗು, ಮಲಗು, ಇನ್ಮೇಲೆ ಯಾರೂ ಎಬ್ಬಿಸಲ್ಲ ಎಂದು ನಿಮ್ಮಮ್ಮ ಹೇಳುತ್ತಿದ್ದರು. ಕಾಯಿಲೆಯ ಹುಡುಗಿ ಇರಬೇಕು, ಕೇಳಿದರೆ ಬೇಜಾರಾದಾರೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದಳು. ಒಮ್ಮೆ ಬಾಗಿಲು ಓರೆಯಾಗಿದ್ದಾಗ ಕಂಡಿದ್ದೂ ಉಂಟಂತೆ. ಮುಖವಲ್ಲ, ಬೆನ್ನು. ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದಳಂತೆ.

ಬಾಗಿಲಿನಿಂದ ಸೋದರಮಾವ ರೇಗಿದ. ಅಕ್ಕನಿಗೆ ದಿಂಬಿಗೆ ಕಂಬಳಿ ಹೊದಿಸುವ ಚಾಳಿ ಮೊದಲಿನಿಂದಲೂ ಇತ್ತು, ಅಂಗಡಿಯ ಹುಚ್ಚು, ಬೆಳಗಾಗೆದ್ದು ಇದೊಂದು ಕತೆ ಬೇಡ ಎಂದ.

"ಹಾಗಾದ್ರೆ ದೀಪ?" ಎಂದಳು ಹೊಲಿಗೆಯಾಕೆ. "ಅವರು ಆಸ್ಪತ್ರೇಲಿದ್ದಾಗಲೂ ಆ ಕೋಣೆ ಕಿಟಕೀಲಿ ಸಂಜೆ ಆದ್ರೆ ದೀಪ ಹತ್ತೋದು."

"ಆಫ್ ಮಾಡೋದು ಮರೆತಿರ್ತಾಳೆ."

"ಬೆಳಗ್ಗೆ ಆರಿರ್ತಿತ್ತಲ್ಲ."

ಸೋದರಮಾವ ಬೆನ್ನು ತಿರುಗಿಸಿದ. ಸೋಫಾಕ್ಕೆ ಹೆಗಲು ಕೊಟ್ಟು ಒಮ್ಮೆಲೇ ನೂಕಿದ. ಎಲ್ಲೋ ಬಟ್ಟೆ ಪರ್ರೆಂದಿತು. ಕುಷನಪ್ಪ ಹೊರಗೆ ತನಗೇ ಪೆಟ್ಟಾದವನಂತೆ ನರಳಿದ.

* * *

ಅಂಗಡಿಯ ಎರಡನೇ ಮಹಡಿಯಲ್ಲಿ ಸಾಲಾಗಿ ಮಾದರಿ ಕೋಣೆಗಳಿದ್ದವು. ಮೂರೇ ಗೋಡೆ, ನಾಲ್ಕನೆಯ ಕಡೆ ಗಿರಾಕಿ ನಿಂತು ನೋಡುವುದು. ಯಜಮಾನರು ಯಾವುದೋ ಹಿಮದ ನಾಡಿನ ಪುಸ್ತಕ ತಂದು, ಇನ್ನು ಮುಂದೆ ಸ್ಕ್ಯಾಂಡಿನೇವಿಯನ್ ಶೈಲಿ, ಜನಕ್ಕೆ ಇದೇ ಬೇಕು ಎಂದಾಗ ಅಮ್ಮ ಆ ಹೆಸರನ್ನು ಬಾಯಲ್ಲಿ ಹೊರಳಿಸಲೂ ಬಾರದೆ ನಕ್ಕಿದ್ದಳಂತೆ. ಹಿಮ ನೋಡಿದವಳಲ್ಲ, ಚಳಿಗೆ ಹಲ್ಲು ಕಡಿದವಳಲ್ಲ. ಆದರೆ ಪುಸ್ತಕದ ಚಿತ್ರಗಳನ್ನು ನೋಡುತ್ತ ಕೂತು ಅವಳಿಗೊಂದು ಗುಟ್ಟು ಹೊಳೆಯಿತು. ಹೊರಗೆ ಕತ್ತಲೆ, ಚಳಿ. ಹೊರಗೆ ಹೋದವರು ವಾಪಸು ಬರಲಿ ಎಂದು ಒಳಗೆ ಇದೆಲ್ಲ. ಕಿಟಕಿಯ ದೀಪ ಅದಕ್ಕೆ, ಕಂಬಳಿ ಅದಕ್ಕೆ. ಅದು ಗೊತ್ತಾದ ಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ಎಲ್ಲವನ್ನೂ ಬೆಳ್ಳಗೆ ಮಾಡಿದ್ದಕ್ಕೆ ಅಂಗಡಿಯವರು ಅವಳನ್ನು ಬಿಳಿಯಮ್ಮ ಎಂದು ಕರೆದರು.

ಬರೀ ಸಾಮಾನು ಜೋಡಿಸುವುದು ಅವಳ ಪದ್ಧತಿಯಲ್ಲ. ಪ್ರತಿ ಕೋಣೆಗೂ ಮೊದಲು ಒಂದು ಸಂಸಾರ ಕಟ್ಟುತ್ತಿದ್ದಳು. ಇಲ್ಲಿನ ಯಜಮಾನನಿಗೆ ಮಂಡಿನೋವು, ಕಾಲುಮಣೆ ಬೇಕು. ಈ ಹೆಂಗಸಿಗೆ ಓದುತ್ತ ನಿದ್ದೆ ಬರುತ್ತದೆ, ಪುಸ್ತಕ ಬೋರಲು. ಎಲ್ಲರೂ ಈಗಷ್ಟೇ ಎದ್ದು ಹೋಗಿರಬೇಕು, ಆದರೆ ಇನ್ನೇನು ಬಂದುಬಿಡಬೇಕು. ಗಿರಾಕಿಗಳು ಆ ಕೋಣೆಗಳ ಮುಂದೆ ತಾವಾಗೇ ದನಿ ತಗ್ಗಿಸುತ್ತಿದ್ದರು, ಬೇರೆಯವರ ಮನೆಗೆ ಹೇಳದೆ ನುಗ್ಗಿದ ಹಾಗೆ.

ಅಪ್ಪ ಬಿಟ್ಟುಹೋಗಿದ್ದ. ಶಾಲೆ ಬಿಟ್ಟ ಮೇಲೆ ಮಗಳನ್ನು ನೋಡಿಕೊಳ್ಳುವವರಿಲ್ಲದೆ ಅವಳು ಅಂಗಡಿಗೇ ಬರುತ್ತಿದ್ದಳು, ಉಗ್ರಾಣದ ರಟ್ಟಿನ ಡಬ್ಬಿಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಮಾದರಿ ಕೋಣೆಗಳ ಸಾಲಿನ ಕೊನೆಯದು ಹುಡುಗಿಯ ಕೋಣೆ. ಗೋಡೆಗೆ ತಾಗಿದ ಸಣ್ಣ ಮಂಚ, ಬಿಳಿ ಹಾಸಿಗೆ, ಕುರಿಯ ತುಪ್ಪಳದ ಮೇಲೆ ಒಂದು ಜೊತೆ ಚಪ್ಪಲಿ, ಬಣ್ಣದ ಪೆನ್ಸಿಲು, ಅರ್ಧ ಕುಡಿದಿಟ್ಟ ಹಾಲು. ಹಾಲಲ್ಲ ಅದು, ಬಿಳಿ ಅಂಟು. ಗಟ್ಟಿಯಾದ ಮೇಲೆ ಬಟ್ಟಲು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಎಲ್ಲಕ್ಕಿಂತ ಕೊನೆಗೆ ಅಮ್ಮ ದಿಂಬಿನ ನಡುವೆ ಮೊಣಕೈ ಊರಿ ಒಂದು ತಗ್ಗು ಮಾಡುತ್ತಿದ್ದಳು. ಹುಡುಗಿ ಈಗಷ್ಟೇ ಎದ್ದಳು ಎಂಬುದಕ್ಕೆ ಅದು ಗುರುತು.

"ಆ ಹುಡುಗಿ ಹಾಲು ಪೂರ್ತಿ ಕುಡಿಯಲ್ಲ," ಎನ್ನುತ್ತಿದ್ದಳು ಅಮ್ಮ, ಮುಖದಲ್ಲಿ ಎಂದೂ ಕಾಣದ ನಗು ತಂದುಕೊಂಡು. "ಎಷ್ಟು ಹೇಳಿದ್ರೂ ಅರ್ಧ ಬಿಡ್ತಾಳೆ."

ಮನೆಯಲ್ಲಿ ಅರ್ಧ ಬಿಟ್ಟರೆ ಏಟು ಬೀಳುತ್ತಿತ್ತು. ಮನೆ ಎಂದರೆ ಒಂದು ಕೋಣೆ, ನೆತ್ತಿಯ ಮೇಲೊಂದು ಬೆತ್ತಲೆ ಬಲ್ಬು, ಮಡಿಸುವ ಎರಡು ಕುರ್ಚಿ. ದಿನವಿಡೀ ಕಂಡವರ ಹಾಸಿಗೆ ಸರಿಮಾಡಿ ಬಂದವಳಿಗೆ ತನ್ನ ಹಾಸಿಗೆಯನ್ನು ಕೊಡವಲೂ ಕೈ ಏಳುತ್ತಿರಲಿಲ್ಲ. ಮಗಳು ಚಾಪೆಯ ಮೇಲೆ ಮಲಗಿ ಆ ಇನ್ನೊಬ್ಬಳನ್ನು ನೆನೆಯುತ್ತಿದ್ದಳು. ಬೈಗುಳ ತಿನ್ನದವಳು, ಹಾಲು ಕುಡಿಯದವಳು. ಅವಳ ಮೇಲೆ ಇವಳಿಗೆ ಹೊಟ್ಟೆಕಿಚ್ಚು.

ಒಂದು ಮಧ್ಯಾಹ್ನ ಮೈ ಕಾದು, ತಲೆ ಸಿಡಿಯುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಅವಳು ಆ ಮಂಚ ಹತ್ತಿ, ಕಂಬಳಿ ಎಳೆದುಕೊಂಡು, ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅಷ್ಟು ಒಳ್ಳೆಯ ನಿದ್ದೆ ಅವಳಿಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಯಾರೋ ಭುಜ ಹಿಡಿದು ಅಲುಗಿಸಿದರು. ಅಮ್ಮ. ಯಜಮಾನರು ಗಿರಾಕಿಗಳನ್ನು ಕರಕೊಂಡು ಮೆಟ್ಟಿಲು ಹತ್ತುತ್ತಿದ್ದರು.

"ಏಳು, ಏಳು. ಇದು ನಿಂದಲ್ಲ."

ಅವಳು ಎದ್ದು ಉಗ್ರಾಣದ ಬಾಗಿಲಲ್ಲಿ ನಿಂತಳು. ಅಮ್ಮ ಹಾಸಿಗೆಯನ್ನು ಕೊಡವಿದಳು, ದಿಂಬು ಬಡಿದು ಮಗಳ ತಲೆಯ ಗುರುತನ್ನು ಅಳಿಸಿದಳು. ನಡುವೆ ಮೊಣಕೈ ಊರಿ ಆ ಹುಡುಗಿಯ ಗುರುತು ಮಾಡಿದಳು.

* * *

ಹಜಾರದಲ್ಲಿ ಜಾಗ ಆಯಿತು. ವ್ಯಾನು ಇನ್ನೂ ಬಂದಿರಲಿಲ್ಲ. ಮಗಳು ಚಿಕ್ಕ ಕೋಣೆಯ ಬಾಗಿಲು ತಳ್ಳಿದಳು.

ಎಲ್ಲವೂ ಇತ್ತು. ಸಣ್ಣ ಮಂಚ, ತುಪ್ಪಳ, ತುದಿ ಹೊರಮುಖವಾಗಿಟ್ಟ ಪುಟ್ಟ ಚಪ್ಪಲಿ, ಮೊನೆ ಮುರಿದ ಪೆನ್ಸಿಲು, ಕಿಟಕಿಯಲ್ಲಿ ಹಗಲಲ್ಲೂ ಉರಿಯುತ್ತಿದ್ದ ದೀಪ. ಬಟ್ಟಲನ್ನು ಎತ್ತಿ ಬೋರಲು ಹಿಡಿದಳು, ಹಾಲು ಬೀಳಲಿಲ್ಲ. ಸದ್ಯ, ಅದೇ ಅಂಟು ಎಂದು ನಗು ಬಂತು. ಚಪ್ಪಲಿ ಎತ್ತಿ ನೋಡಿದಾಗ ನಗು ನಿಂತಿತು. ಅಂಗಡಿಯ ಚಪ್ಪಲಿ ಯಾವಾಗಲೂ ಹೊಸದು. ಇವುಗಳ ಹಿಮ್ಮಡಿ ಸವೆದಿತ್ತು.

ಅವಳು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯ ಮೇಲ್ವಿಚಾರಕಿ. ನಲವತ್ತು ದಾಟಿದ ಹೆಂಗಸು, ಬದುಕೆಲ್ಲ ಬೇರೆಯವರು ಮಲಗಿ ಎದ್ದ ಹೊದಿಕೆಗಳ ನಡುವೆ ಕಳೆದವಳು. ನೋಯುತ್ತ ಹೊರಳಿದವರ ಹಾಸು ಯಾವುದು, ಸುಮ್ಮನೆ ಕೂತೆದ್ದದ್ದು ಯಾವುದು ಎಂದು ಗುಡ್ಡೆಯಲ್ಲೇ ಗುರುತಿಸುತ್ತಿದ್ದಳು. ಕೈಯಿಂದ ಕೆಡಿಸಿದ ಹಾಸಿನಲ್ಲಿ ನಾಲ್ಕೈದು ದೊಡ್ಡ ಸುಕ್ಕು ಬೀಳುತ್ತವೆ. ಮಲಗಿದ ಹಾಸಿನಲ್ಲಿ ಸಣ್ಣ ಸುಕ್ಕುಗಳು, ಎಣಿಸಲಾರದಷ್ಟು, ಮಂಡಿ ಇದ್ದಲ್ಲಿ ಒತ್ತಾಗಿ. ಈ ಹಾಸಿನ ಮೇಲೆ ಯಾರೋ ಮಲಗಿದ್ದರು. ಸುಕ್ಕುಗಳು ಮಂಚದ ಅರ್ಧಕ್ಕೇ ಮುಗಿದಿದ್ದವು. ದಿಂಬಿನ ತಗ್ಗು ನಡುವೆ ಇರಲಿಲ್ಲ, ಗೋಡೆಯ ಬದಿಗಿತ್ತು.

ಅಮ್ಮನೇ ಮುದುಡಿಕೊಂಡು ಮಲಗಿರಬೇಕು ಎಂದುಕೊಂಡಳು. ಹಾಗಂದುಕೊಂಡರೂ ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಇಲ್ಲದ ಹುಡುಗಿಯ ಮೇಲೆ ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡುವುದು ನಗೆಪಾಟಲಿನ ವಿಷಯ, ಅದು ಅವಳಿಗೂ ಗೊತ್ತು. ದಿಂಬನ್ನು ಬಡಿದು ತಗ್ಗು ಅಳಿಸಿದಳು. ಹಾಸನ್ನು ಜಗ್ಗಿ, ಮೂಲೆಗಳನ್ನು ಆಸ್ಪತ್ರೆಯ ಮಡಿಕೆ ಮಡಿಸಿ, ನಾಣ್ಯ ಎಸೆದರೆ ಪುಟಿಯುವಷ್ಟು ಬಿಗಿ ಮಾಡಿದಳು. ಕಂಬಳಿಯನ್ನು ಕಪಾಟಿನ ಮೇಲೆ ಎತ್ತಿಟ್ಟಳು. ದೀಪ ಆರಿಸಿ ಬಾಗಿಲು ಎಳೆದುಕೊಂಡಳು.

ಅಷ್ಟರಲ್ಲಿ ವ್ಯಾನು ಬಂತು. ಅಮ್ಮನನ್ನು ಹಜಾರದ ನಡುವೆ ಮಲಗಿಸಿದರು. ಮುಖ ಸಣ್ಣದಾಗಿತ್ತು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತುಟಿ ಬಿಗಿದಿತ್ತು. ಮಗಳಿಗೆ ಅಳು ಬರಲಿಲ್ಲ, ಬರುತ್ತದೆಂದು ಕಾದಳು, ಆಗಲೂ ಬರಲಿಲ್ಲ. ಅಂಗಡಿಯ ಹಳಬರು ಬಂದರು. ಕೂತುಕೊಳ್ಳಿ ಎಂದು ಹೊಲಿಗೆಯಾಕೆ ಎಷ್ಟು ಹೇಳಿದರೂ ಒಬ್ಬರೂ ಕುರ್ಚಿ ಮುಟ್ಟಲಿಲ್ಲ, ಗೋಡೆಗೊರಗಿ ಸಾಲಾಗಿ ನಿಂತರು. ಡಿಸ್‌ಪ್ಲೇ, ಕೂತರೆ ಬಿಳಿಯಮ್ಮ ಬೈತಾಳೆ ಎಂದು ಒಬ್ಬ ಬಾಯಿತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡ. ಎಲ್ಲರೂ ಪಿಸುಗುಟ್ಟುತ್ತಿದ್ದರು. ಕುಷನಪ್ಪ ಮಾತ್ರ ಅಮ್ಮನ ಕಾಲ ಬಳಿ ಕೂತು, ಕುರ್ಚಿಯ ಮೇಲಿನ ಬೂದು ಕಂಬಳಿ ತಂದು ಪಾದದ ಮೇಲೆ ಹೊದಿಸಿದ. ಒಂದು ಸಲ ನೋಡಿ ಸಮಾಧಾನವಾಗದೆ, ಒಂದು ಅಂಚನ್ನು ಓರೆಯಾಗಿ ಕೆಳಗೆ ಜಾರಿಸಿದ.

ನೆಟ್ಟಗೆ ಹೊದಿಸೋಕೆ ಬರಲ್ವೇನಯ್ಯ ಎಂದು ಸೋದರಮಾವ ಗದರಿದ. ಕುಷನಪ್ಪ ಕೈ ಹಿಂದೆಗೆದ. ಅವನು ಕಂಬಳಿಯನ್ನು ಸರಿ ಮಾಡಲಿಲ್ಲ. ಹಾಗೆ ಓರೆಯಾಗಿ ಜಾರಿದ ಕಂಬಳಿಯೊಳಗೆ ಅಮ್ಮ ಇನ್ನೇನು ಎದ್ದು ಒಳಗೆ ಹೋಗುವವಳಂತೆ ಕಂಡಳು. ಗೋಡೆಗೊರಗಿದ್ದವರು ಒಬ್ಬೊಬ್ಬರಾಗಿ ಮುಖ ಬೇರೆ ಕಡೆ ತಿರುಗಿಸಿದರು.

* * *

ಫೋನಿನಲ್ಲಿ ಮಾತು ಯಾವಾಗಲೂ ಗಿಡ್ಡ. ಅಮ್ಮ ಕೆಲಸ ಬಿಟ್ಟು ಈ ಮನೆಗೆ ಬಂದ ಮೇಲೆ ಇನ್ನೂ ಗಿಡ್ಡವಾಯಿತು. ಒಬ್ಬಳೇ ಹೇಗಿರ್ತೀಯ, ಬೇಜಾರಾಗಲ್ವಾ ಎಂದರೆ, ಒಬ್ಬಳೇ ಎಲ್ಲಿ, ಇವಳಿದ್ದಾಳಲ್ಲ ಎನ್ನುತ್ತಿದ್ದಳು. ಬೆಕ್ಕು ಸಾಕಿರಬೇಕೆಂದು ಮಗಳು ತಿಳಿದಿದ್ದಳು. ಲಾಂಡ್ರಿಯ ಸದ್ದಿನಲ್ಲಿ ನಿಂತು ಮಾತಾಡುವವಳಿಗೆ ಬಿಡಿಸಿ ಕೇಳುವ ಪುರುಸೊತ್ತೂ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಹಿಂದುಮುಂದು ನೋಡದೆ ಕೇಳಿಬಿಟ್ಟಳು. ರಜೆ ಇದೆ, ಬಂದು ನಿನ್ನ ಜೊತೆ ಸ್ವಲ್ಪ ದಿನ ಇರಲಾ ಎಂದು. ಹಾಗೆ ಕೇಳುವುದು ಅವಳಿಗೆ ಸುಲಭವಾಗಿರಲಿಲ್ಲ. ಆ ಕಡೆ ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು. ಯಾರನ್ನೋ ಕೇಳಿ ಬರಲು ಹೋದಂತೆ ಅನ್ನಿಸಿತು.

"ಬಾ," ಎಂದಳು ಕೊನೆಗೆ. "ಆದ್ರೆ ಎಲ್ಲಿ ಮಲಗ್ತೀಯ?"

ಮಗಳು ಫೋನಿಟ್ಟಳು. ರಜೆಯನ್ನು ರದ್ದು ಮಾಡಿಸಿ ಕೆಲಸಕ್ಕೆ ಹೋದಳು. ಆಮೇಲೆ ಅಮ್ಮ ಹುಷಾರಿಲ್ಲ ಎಂದಾಗಲೂ, ನೋಡೋಣ ಎಂದಳೇ ಹೊರತು ಬರುತ್ತೇನೆ ಎನ್ನಲಿಲ್ಲ. ಎಲ್ಲಿ ಮಲಗ್ತೀಯ ಎನ್ನುವ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಹೆತ್ತ ತಾಯಿಯ ಮನೆಯಲ್ಲಿ ತನಗೊಂದು ಹಾಸಿಗೆ ಇತ್ತೋ ಇಲ್ಲವೋ, ಅದೊಂದು ತಿಳಿಯಬೇಕಿತ್ತು ಅವಳಿಗೆ. ಹೇಳಬೇಕಾದವಳು ಈಗ ಹಜಾರದಲ್ಲಿ ತುಟಿ ಬಿಗಿದು ಮಲಗಿದ್ದಳು.

* * *

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಬರುವಾಗ ವ್ಯಾನಿನಲ್ಲಿ ಸೋದರಮಾವ ಮುಂದಿನ ಕೆಲಸದ ಮಾತೆತ್ತಿದ. ಮನೆ ಬಾಡಿಗೆಯದು, ಮಾಲೀಕರು ಈಗಾಗಲೇ ಬೇರೆಯವರಿಗೆ ಕೊಡಲು ಒಪ್ಪಿಕೊಂಡಿದ್ದಾರೆ. ಮಗಳು ಊರಿಗೆ ಹೋದರೆ ಮತ್ತೆ ಯಾವಾಗ ಬರುತ್ತಾಳೋ, ಅವಳಿದ್ದಾಗಲೇ ಎಲ್ಲ ಖಾಲಿ ಮಾಡಿ ಕೈತೊಳೆದುಕೊಳ್ಳುವುದು ಒಳ್ಳೆಯದೆಂದು ನಾನೇ ಲಾರಿ ಹೇಳಿದ್ದೇನೆ ಎಂದ. ಅವಳು ಹೂಂ ಎಂದಳು. ಆ ಕೋಣೆಯ ಮಂಚ ಮುರಿದು ಲಾರಿ ಹತ್ತುವುದನ್ನು ಕಣ್ಣಾರೆ ನೋಡಬೇಕು ಎನ್ನಿಸಿತ್ತು ಅವಳಿಗೆ.

ಲಾರಿ ಬಾಗಿಲಲ್ಲೇ ನಿಂತಿತ್ತು. ಹಮಾಲರಿಬ್ಬರು ಧಡಧಡ ಮೇಲೆ ಹೋದರು. ಹಜಾರದಿಂದ ಶುರು ಮಾಡಿ, ಚಿಕ್ಕ ಕೋಣೆ ಕೊನೆಗೆ ಎಂದು ಸೋದರಮಾವ ಕೂಗಿ ಹೇಳುತ್ತಿದ್ದ. ಮಗಳು ಮೆಟ್ಟಿಲ ಮೇಲೆಯೇ ಕೂತಳು. ಬೆಳಗ್ಗೆ ಹೊರಗೆ ತಂದಿಟ್ಟ ಸೋಫಾದ ಹರಿದ ಬದಿಯನ್ನು ಕುಷನಪ್ಪ ಸವರುತ್ತ ನಿಂತಿದ್ದ. ಅದರ ಮೇಲೆ ಕೂರದೆ ಅವಳ ಪಕ್ಕ ಮೆಟ್ಟಿಲಿಗೇ ಬಂದು ಕೂತ.

ಆ ಕೋಣೆ ನೋಡಿದೆಯಾ ಎಂದು ಕೇಳಿದ. ನೋಡಿದೆ, ಅಂಗಡಿಯ ಹುಡುಗಿಯನ್ನು ಮನೆಗೇ ಕರಕೊಂಡು ಬಂದಿದ್ದಾಳೆ ಎಂದಳು ಮಗಳು. ದನಿಯಲ್ಲಿ ವ್ಯಂಗ್ಯ ತರಲು ನೋಡಿದಳು, ಅದು ಅಳುವಿನ ಹತ್ತಿರ ಬಂತು. ಕುಷನಪ್ಪ ತನ್ನ ಅಂಗೈಯನ್ನು ನೋಡಿಕೊಂಡ.

"ನಿನ್ನನ್ನ ಮಂಚದಿಂದ ಎಬ್ಬಿಸಿದ ದಿನ ನೆನಪಿದೆಯಾ? ಆಮೇಲೆ ನಾನು ಫೋಮ್ ತರೋಕೆ ಹಿಂದಿನ ಕೋಣೆಗೆ ಹೋದೆ. ನಿಮ್ಮಮ್ಮ ಆ ರಾಶಿ ಮೇಲೆ ಕೂತು ಅಳ್ತಿದ್ಲು. ಅವಳು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ. 'ಎಷ್ಟು ಚೆನ್ನಾಗಿ ಮಲಗಿತ್ತು ಮಗು. ಮೈ ಬೇರೆ ಸುಡ್ತಿತ್ತು. ಎಬ್ಬಿಸಿಬಿಟ್ಟೆ' ಅಂದ್ಲು."

ಮೇಲೆ ಹಮಾಲರು ಏನೋ ಎಳೆದ ಸದ್ದು.

ಅಂದಿನಿಂದ ಬಿಳಿಯಮ್ಮ ದಿಂಬಿಗೆ ಮೊಣಕೈ ಊರುವುದನ್ನು ಬಿಟ್ಟಳು ಎಂದು ಕುಷನಪ್ಪ ಹೇಳಿದ. ಹುಡುಗಿಯ ಕೋಣೆ ಜೋಡಿಸಿದಾಗೆಲ್ಲ ತಾನೇ ಮಂಚ ಹತ್ತಿ, ಗೋಡೆ ಕಡೆ ತಿರುಗಿ, ಮುದುಡಿಕೊಂಡು ಒಂದು ಗಳಿಗೆ ಮಲಗಿ ಏಳುತ್ತಿದ್ದಳಂತೆ. ತಗ್ಗು ಗೋಡೆಯ ಬದಿಗಿದ್ದರೆ ಗಿರಾಕಿಗೆ ಕಾಣುವುದಿಲ್ಲ, ನಡುವೆ ಇರಲಿ ಎಂದು ಯಜಮಾನರು ಎಷ್ಟೋ ಸಲ ಬೈದರು. ಇವಳು ಮಲಗೋದೇ ಹಾಗೆ, ನಾನೇನು ಮಾಡ್ಲಿ ಎನ್ನುತ್ತಿದ್ದಳಂತೆ.

"ಆ ಹುಡುಗಿಗೆ ಏನಂತ ಹೆಸರಿಟ್ಟಿದ್ಲು?"

"ಹೆಸರೇನು ಬಂತು. ನನ್ನ ಮಗಳು ಅಂತಿದ್ಲು, ಅಷ್ಟೆ."

ಮಗಳ ಕಣ್ಣಲ್ಲಿ ನೀರು ತುಂಬಿತು. ಮನೆಯಲ್ಲಿ ಅವಳಿಗೆ ಹಾಸಿಗೆ ಇತ್ತು. ಅದರಲ್ಲಿ ಆಗಲೇ ಅವಳೇ ಮಲಗಿದ್ದಳು. ಎಲ್ಲಿ ಮಲಗ್ತೀಯ ಎಂದು ಅಮ್ಮ ಕೇಳಿದ್ದು ನಿಜವಾಗಿಯೂ ತಿಳಿಯದೆ. ಮಲಗಿದ ಮಗುವನ್ನು ಇನ್ನೊಂದು ಸಲ ಎಬ್ಬಿಸಲು ಅವಳಿಂದ ಆಗುತ್ತಿರಲಿಲ್ಲ.

ಬೆಳಗ್ಗೆ ತಾನೇ ಜಗ್ಗಿ ಬಿಗಿ ಮಾಡಿದ ಹಾಸು ನೆನಪಾಯಿತು, ಬಡಿದು ಅಳಿಸಿದ ದಿಂಬು ನೆನಪಾಯಿತು. ಅಮ್ಮ ಅಂದು ಮಾಡಿದ್ದನ್ನೇ ಇಂದು ತಾನು ಮಾಡಿದ್ದಳು. ಅದನ್ನು ಹೇಗಾದರೂ ಸರಿಮಾಡಬೇಕು, ಹಮಾಲರು ಆ ಕೋಣೆ ಮುಟ್ಟುವ ಮೊದಲು ಒಮ್ಮೆ ಕೆನ್ನೆಯಿಟ್ಟು ಮಲಗಿ ಏಳಬೇಕು. ಅವಳು ಎದ್ದು ಮೆಟ್ಟಿಲು ಹತ್ತಿದಳು.

ಹಜಾರ ಅರ್ಧ ಬರಿದಾಗಿತ್ತು. ಅವಳು ಹೊಸ್ತಿಲ ಮೇಲೆ ಕಾಲಿಡುವ ಹೊತ್ತಿಗೆ ಹೊಲಿಗೆಯಾಕೆ ಒಳಗಿನಿಂದ ಬರುತ್ತಿದ್ದಳು. ಕಿಟಕಿ ಹಾಕಲೆಂದು ಚಿಕ್ಕ ಕೋಣೆಗೆ ಹೋಗಿದ್ದಳು. ಹಿಂದೆ ತಿರುಗಿ, ಎರಡೂ ಕೈಯಿಂದ ಹಿಡಿ ಹಿಡಿದು, ಚಿಲುಕದ ಸದ್ದಾಗದಂತೆ ಬಾಗಿಲನ್ನು ಎಳೆದುಕೊಂಡಳು. ಮೇಜು ಎತ್ತುತ್ತಿದ್ದ ಹಮಾಲರನ್ನು ಕೈಯಲ್ಲೇ ತಡೆದಳು.

"ಮೆಲ್ಲಗೆ," ಎಂದಳು. "ಆ ಕೋಣೆಗೆ ಈಗ ಹೋಗ್ಬೇಡಿ. ಪಾಪ, ಮಗಳು ಮಲಗಿದ್ದಾಳೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದವಳು, ಕಂಬಳಿ ಹೊದ್ದು ಆ ಕಡೆ ತಿರುಗಿಬಿಟ್ಟಿದ್ದಾಳೆ. ದೀಪಾನೂ ಆರಿಸಿಲ್ಲ."

ಸೋದರಮಾವ ಬಾಯಿಗೆ ಬಂದ ಕೂಗನ್ನು ನುಂಗಿದ. ಹಮಾಲರು ಮೇಜನ್ನು ಮೆಲ್ಲಗೆ ನೆಲಕ್ಕಿಟ್ಟರು. ಆಗ ಹೊಲಿಗೆಯಾಕೆಯ ಕಣ್ಣು ಹೊಸ್ತಿಲ ಮೇಲೆ ನಿಂತವಳ ಮೇಲೆ ಬಿತ್ತು. ಅವಳ ಮುಖದ ರಕ್ತ ಇಳಿದುಹೋಯಿತು. ಒಮ್ಮೆ ಮುಚ್ಚಿದ ಬಾಗಿಲನ್ನು ನೋಡಿದಳು, ಒಮ್ಮೆ ಇವಳನ್ನು. ಸೋದರಮಾವನೂ ತಿರುಗಿದ, ನೋಡಿದ, ಪಕ್ಕದ ಗೋಡೆಯನ್ನು ಕೈಯಿಂದ ಹಿಡಿದುಕೊಂಡ. ಹೊಲಿಗೆಯಾಕೆಯ ಬಾಯಿ ತೆರೆಯಿತು.

ಮಗಳು ತುಟಿಯ ಮೇಲೆ ಬೆರಳಿಟ್ಟಳು.

ಬಾಗಿಲು ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಅದರ ಅಡಿಯ ಸಂದಿನಲ್ಲಿ ದೀಪದ ಹಳದಿ ಗೆರೆ ಕಾಣುತ್ತಿತ್ತು. ಅವಳು ಆ ಕಡೆ ಹೋಗಲಿಲ್ಲ. ಬಗ್ಗಿ, ಶೂಗಳ ದಾರ ಬಿಚ್ಚಿ, ಒಂದೊಂದಾಗಿ ತೆಗೆದು ಕೈಯಲ್ಲಿ ಹಿಡಿದಳು.

"ಆ ಕೋಣೆ ಹಾಗೇ ಇರ್ಲಿ, ಮಾವ," ಎಂದಳು, ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ದನಿಯಲ್ಲಿ.

"ಮನೆ ಬಿಡ್ಬೇಕಲ್ಲೇ," ಎಂದ ಸೋದರಮಾವ. ಅವನೂ ಪಿಸುಗುಟ್ಟುತ್ತಿದ್ದ. "ಮಾಲೀಕರಿಗೆ ಏನು ಹೇಳ್ಲಿ?"

"ಇನ್ನೂ ಒಬ್ಬರು ಇದ್ದಾರೆ ಅಂತ ಹೇಳಿ. ಬಾಡಿಗೆ ನಾನು ಕೊಡ್ತೀನಿ."

"ಎಲ್ಲಿವರೆಗೆ?"

"ತಾನಾಗೇ ಏಳೋವರೆಗೆ."

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಲಿ ಕಳಚಿ ಬದಿಗಿಟ್ಟರು. ಕುಷನಪ್ಪನನ್ನೂ ಕರೆದು ಹೊರಗಿದ್ದ ಸೋಫಾವನ್ನು ಎತ್ತಿದರು. ಬೆಳಗ್ಗೆ ಅಷ್ಟು ಹಟ ಹಿಡಿದಿದ್ದ ಸೋಫಾ ಈಗ ಅದೇ ಬಾಗಿಲಲ್ಲಿ, ಚೌಕಟ್ಟಿಗೆ ಎಲ್ಲೂ ತಾಗದೆ, ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಅಮ್ಮನನ್ನು ಎತ್ತುವಾಗ ಕೆಳಗೆ ಬಿದ್ದಿದ್ದ ಬೂದು ಕಂಬಳಿಯನ್ನು ಕುಷನಪ್ಪ ಎತ್ತಿ ಕೊಡವಿ ಸೋಫಾದ ತೋಳಿನ ಮೇಲೆ ಹಾಕಿದ, ಒಂದು ಅಂಚನ್ನು ಓರೆಯಾಗಿ ಜಾರಿಸಿದ. ಈ ಸಲ ಸೋದರಮಾವ ಏನೂ ಅನ್ನಲಿಲ್ಲ.

ಮಗಳು ಶೂಗಳನ್ನು ಎದೆಗೊತ್ತಿಕೊಂಡು, ತುದಿಗಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದಳು. ಬಿಸಿಲಿಗೆ ಕಾದ ರಸ್ತೆ ಅಂಗಾಲನ್ನು ಸುಡುತ್ತಿತ್ತು. ಬೀದಿಯ ತಿರುವು ಬರುವವರೆಗೂ ಅವಳು ಅವನ್ನು ಹಾಕಿಕೊಳ್ಳಲಿಲ್ಲ.